ಮಗುವಿಗೆ ಶ್ರವಣ ಸಾಧನ ಬಂದ ಮೇಲೆ ಮನೆಯವರಿಗೆ ಬೇಕಾಗುವ ನೆರವು: ತುಮಕೂರು ಜಿಲ್ಲೆಯ ಪೋಷಕರ ಚರ್ಚೆ

ಕೊರಟಗೆರೆಯ ತಾಯಿ (ಚರ್ಚೆ ಆರಂಭಿಸಿದವರು)

ಎಲ್ಲರಿಗೂ ನಮಸ್ಕಾರ. ನನ್ನ ಮಗಳಿಗೆ ಈಗ ಒಂದು ವರ್ಷ ನಾಲ್ಕು ತಿಂಗಳು. ಅವಳಿಗೆ ಎರಡೂ ಕಿವಿಗಳಲ್ಲಿ ತೀವ್ರ ಶ್ರವಣದೋಷವಿದೆ ಎಂದು ಹೋದ ತಿಂಗಳು ಬೆರಾ ಪರೀಕ್ಷೆಯಲ್ಲಿ (ಶಬ್ದಕ್ಕೆ ಕಿವಿಯ ನರ ಮತ್ತು ಮಿದುಳು ಸ್ಪಂದಿಸುತ್ತವೆಯೇ ಎಂದು ನೋಡುವ ಪರೀಕ್ಷೆ) ಗೊತ್ತಾಯಿತು. ಎರಡೂ ಕಿವಿಗೆ ಶ್ರವಣ ಸಾಧನ ಹಾಕಿಸಿದ್ದೇವೆ. ಕೆಲವು ತಿಂಗಳು ನೋಡೋಣ, ಪ್ರಯೋಜನ ಸಾಲದಿದ್ದರೆ ಕಾಕ್ಲಿಯರ್ ಇಂಪ್ಲಾಂಟ್ (ಶಸ್ತ್ರಚಿಕಿತ್ಸೆ ಮಾಡಿ ಒಳಗಿವಿಗೆ ಕೂರಿಸುವ ಕೇಳುವ ಉಪಕರಣ) ಮಾಡಿಸಬೇಕಾಗಬಹುದು ಎಂದು ವೈದ್ಯರು ಹೇಳಿದ್ದಾರೆ. ಚಿಕಿತ್ಸೆಯ ವಿಷಯದಲ್ಲಿ ನನಗೆ ಅಷ್ಟಾಗಿ ಗೊಂದಲವಿಲ್ಲ. ನಾನು ಕೇಳಬೇಕೆಂದಿರುವುದು ಆಸ್ಪತ್ರೆಯಿಂದ ಮನೆಗೆ ಬಂದ ಮೇಲಿನ ಸಂಗತಿಗಳನ್ನು.

ಮೊದಲನೆಯದಾಗಿ, ಸಾಧನ ಹಾಕಿದ ಐದೇ ನಿಮಿಷಕ್ಕೆ ಮಗು ಅದನ್ನು ಕಿತ್ತು ಬಾಯಿಗೆ ಹಾಕಿಕೊಳ್ಳುತ್ತಾಳೆ. ಎತ್ತಿಕೊಂಡರೆ ಅದು ಕೀ ಎಂದು ಕೂಗುತ್ತದೆ. ಇನ್ನೊಂದು, ನಮ್ಮದು ಸಂಬಂಧದಲ್ಲೇ ಆದ ಮದುವೆ. ನನ್ನ ಯಜಮಾನರು ನನ್ನ ಸೋದರಮಾವನ ಮಗ. ಹೀಗಿದ್ದೂ ನಮ್ಮ ಅತ್ತೆಯವರು, ಬಸುರಿಯಾಗಿದ್ದಾಗ ನಾನು ಗ್ರಹಣದ ದಿನ ಹಿತ್ತಲಿಗೆ ಹೋಗಿದ್ದರಿಂದಲೇ ಹೀಗಾಯಿತು ಎಂದು ಬಂದವರೆದುರೆಲ್ಲ ಹೇಳುತ್ತಾರೆ. ‘ಇವರಪ್ಪನೂ ಮಾತು ಕಲಿತಿದ್ದು ತಡವಾಗಿಯೇ’ ಎನ್ನುತ್ತ ಪ್ರತಿದಿನ ಮಗುವಿನ ನಾಲಿಗೆಗೆ ಬಜೆ ತೇಯ್ದು ಹಚ್ಚುತ್ತಾರೆ. ಯಜಮಾನರು ಪೀಣ್ಯದಲ್ಲಿ ಕೆಲಸದಲ್ಲಿದ್ದಾರೆ, ಬರುವುದು ಭಾನುವಾರ ಮಾತ್ರ. ಮಗುವಿನೊಡನೆ ಇಡೀ ದಿನ ಮಾತನಾಡುತ್ತಿರಬೇಕು ಎಂದು ಆಸ್ಪತ್ರೆಯಲ್ಲಿ ಹೇಳಿ ಕಳುಹಿಸಿದರು. ಏನು ಮಾತನಾಡಬೇಕು, ಹೇಗೆ ಮಾತನಾಡಬೇಕು ಎಂದು ಯಾರೂ ತೋರಿಸಿಕೊಡಲಿಲ್ಲ. ಕೈಸನ್ನೆ ಮಾಡಿದರೆ ಮಗು ಮಾತೇ ಕಲಿಯುವುದಿಲ್ಲ ಎಂದು ಒಬ್ಬರು ಹೆದರಿಸಿದ್ದಾರೆ. ಈ ದಾರಿಯಲ್ಲಿ ನಡೆದವರು ಯಾರಾದರೂ ವಿವರವಾಗಿ ಬರೆದರೆ ಉಪಕಾರವಾಗುತ್ತದೆ.

ತುಮಕೂರು ಆಡಿಯಾಲಜಿಸ್ಟ್

ತಾಯಿಯವರೇ, ನಾನು ಕಿವಿ ಪರೀಕ್ಷೆ ಮಾಡಿ ಶ್ರವಣ ಸಾಧನ ಹೊಂದಿಸುವ ತಜ್ಞ. ತಾವು ಕೇಳಿದ ಕ್ರಮದಲ್ಲೇ ಉತ್ತರಿಸುತ್ತೇನೆ. ಸಾಧನ ಕೂಗುವುದಕ್ಕೆ ಬಹುತೇಕ ಸಲ ಕಾರಣ ಇಯರ್‌ಮೋಲ್ಡ್, ಅಂದರೆ ಕಿವಿಯ ಅಚ್ಚು ತೆಗೆದು ಮಾಡಿದ ಮೆತ್ತನೆಯ ಭಾಗ. ಅದು ಸಡಿಲವಾದರೆ ಒಳಗೆ ಹೋಗಬೇಕಾದ ಶಬ್ದ ಹೊರಗೆ ಸೋರಿ ಮತ್ತೆ ಮೈಕಿಗೆ ಸೇರುತ್ತದೆ, ಆಗ ಆ ಕೀರಲು ಧ್ವನಿ ಬರುತ್ತದೆ. ಹಸುಗೂಸುಗಳ ಕಿವಿ ಬೇಗ ಬೆಳೆಯುವುದರಿಂದ ಮೊದಲ ವರ್ಷಗಳಲ್ಲಿ ಅಚ್ಚನ್ನು ಕೆಲವೇ ತಿಂಗಳಿಗೊಮ್ಮೆ ಬದಲಾಯಿಸಬೇಕಾಗುತ್ತದೆ. ಬಹಳ ಮಂದಿ ಕೂಗುವ ಸದ್ದು ನಿಲ್ಲಲಿ ಎಂದು ಧ್ವನಿಯನ್ನೇ ತಗ್ಗಿಸಿಬಿಡುತ್ತಾರೆ. ಆಗ ಸದ್ದು ನಿಲ್ಲುತ್ತದೆ ನಿಜ, ಆದರೆ ಮಗುವಿಗೆ ಏನೂ ಕೇಳದಂತಾಗುತ್ತದೆ. ದಯವಿಟ್ಟು ಹಾಗೆ ಮಾಡಬೇಡಿ, ಹೊಸ ಅಚ್ಚು ಮಾಡಿಸಿ.

ಕಿತ್ತುಹಾಕುವುದಕ್ಕೆ ನಮ್ಮ ಮನೆಗಳ ಕುಲಾವಿಯೇ ಒಳ್ಳೆಯ ಉಪಾಯ. ದಪ್ಪ ಉಣ್ಣೆಯದು ಬೇಡ, ಅದು ಮೈಕನ್ನು ಮುಚ್ಚುತ್ತದೆ. ಸೊಳ್ಳೆಪರದೆಯಂಥ ತೆಳುವಾದ ಬಲೆಬಟ್ಟೆಯಲ್ಲಿ ಕಿವಿ ಮುಚ್ಚುವಂತೆ ಹೊಲಿಸಿ, ಗಲ್ಲದ ಕೆಳಗೆ ಲಾಡಿ ಕಟ್ಟಿ. ಜೊತೆಗೆ ಎರಡೂ ಸಾಧನಗಳಿಗೆ ದಾರ ಕಟ್ಟಿ ಅಂಗಿಯ ಬೆನ್ನಿಗೆ ಕ್ಲಿಪ್ ಹಾಕಿದರೆ ಕಳೆದುಹೋಗುವುದಿಲ್ಲ. ಬಾಯಿಗೆ ಹಾಕಿಕೊಳ್ಳುತ್ತಾಳೆ ಎಂದಿರಿ. ಸೆಲ್ ಇರುವ ಪುಟ್ಟ ಬಾಗಿಲಿಗೆ ಮಕ್ಕಳು ತೆಗೆಯಲಾಗದಂಥ ಬೀಗ ಬರುತ್ತದೆ, ಅದನ್ನು ಕೇಳಿ ಹಾಕಿಸಿಕೊಳ್ಳಿ. ಗುಂಡಿಯಂಥ ಆ ಸೆಲ್ ನುಂಗಿದರೆ ಪ್ರಾಣಕ್ಕೇ ಅಪಾಯ, ಹಾಗೇನಾದರೂ ಆದರೆ ತಡಮಾಡದೆ ಆಸ್ಪತ್ರೆಗೆ ಓಡಬೇಕು. ಹೊಸ ಸೆಲ್‌ನ ಮೇಲಿನ ಅಂಟುಪಟ್ಟಿ ತೆಗೆದ ಮೇಲೆ ಒಂದು ನಿಮಿಷ ಗಾಳಿಗೆ ಬಿಟ್ಟು ಆಮೇಲೆ ಹಾಕಿದರೆ ಹೆಚ್ಚು ಬಾಳಿಕೆ ಬರುತ್ತದೆ, ಏಕೆಂದರೆ ಅದು ಗಾಳಿಯಲ್ಲಿನ ಆಮ್ಲಜನಕ ಹೀರಿಯೇ ಕೆಲಸ ಮಾಡುವುದು. ರಾತ್ರಿ ಬಿಚ್ಚಿಟ್ಟಾಗ ಸಿಲಿಕಾ ಜೆಲ್ ಇರುವ ಮುಚ್ಚಳದ ಡಬ್ಬಿಯಲ್ಲಿಡಿ. ಅಕ್ಕಿ ಡಬ್ಬಿಯಲ್ಲಿ ಹುಗಿಸಿಡುವುದನ್ನು ನೋಡಿದ್ದೇನೆ, ಅದರ ಹಿಟ್ಟು ಮೈಕಿನ ರಂಧ್ರ ಸೇರುತ್ತದೆ.

ಇನ್ನು ಬಹಳ ಮುಖ್ಯವಾದದ್ದು. ಪ್ರತಿದಿನ ಬೆಳಿಗ್ಗೆ ಸಾಧನ ಹಾಕಿದ ಕೂಡಲೇ ಮಗುವಿನ ಹಿಂದೆ ಅಥವಾ ಪಕ್ಕದಲ್ಲಿ, ಬಾಯಿ ಕಾಣದಂತೆ ಕುಳಿತು, ಆರು ಧ್ವನಿಗಳನ್ನು ಒಂದೊಂದಾಗಿ ಹೇಳಿ: ಆ, ಈ, ಊ, ಮ್, ಶ್, ಸ್. ಇದಕ್ಕೆ ಲಿಂಗ್ ಪರೀಕ್ಷೆ ಎನ್ನುತ್ತಾರೆ. ‘ಮ್’ ಮತ್ತು ‘ಊ’ ತಗ್ಗಿನ ಧ್ವನಿಗಳು, ‘ಶ್’ ಮತ್ತು ‘ಸ್’ ಎತ್ತರದವು. ಮಾತಿಗೆ ಬೇಕಾದ ಇಡೀ ವ್ಯಾಪ್ತಿ ಈ ಆರರಲ್ಲಿ ಅಡಗಿದೆ. ಮಗು ತಲೆ ತಿರುಗಿಸುತ್ತದೆಯೇ, ಕಣ್ಣರಳಿಸುತ್ತದೆಯೇ, ಚೀಪುತ್ತಿದ್ದುದನ್ನು ನಿಲ್ಲಿಸುತ್ತದೆಯೇ ಎಂದು ಗಮನಿಸಿ ಬರೆದಿಡಿ. ನಿನ್ನೆಯವರೆಗೆ ಕೇಳುತ್ತಿದ್ದ ಧ್ವನಿ ಇಂದು ಕೇಳದಿದ್ದರೆ ಸೆಲ್ ಹೋಗಿರಬಹುದು, ಅಚ್ಚಿನಲ್ಲಿ ಗುಗ್ಗೆ ಕಟ್ಟಿರಬಹುದು, ಇಲ್ಲವೇ ಶೀತವಾಗಿ ಕಿವಿಯೊಳಗೆ ನೀರು ತುಂಬಿರಬಹುದು. ಆ ಪುಸ್ತಕವನ್ನು ಮುಂದಿನ ಸಲ ನಮ್ಮಂಥವರ ಬಳಿಗೆ ತಂದರೆ ಯಂತ್ರವನ್ನು ಸರಿಹೊಂದಿಸಲು ಅದಕ್ಕಿಂತ ದೊಡ್ಡ ಸಹಾಯವಿಲ್ಲ.

ಗುಬ್ಬಿ ಅಂಗನವಾಡಿ ಕಾರ್ಯಕರ್ತೆ

ಮೇಲಿನ ಸರ್ ಹೇಳಿದ್ದಕ್ಕೆ ಒಂದು ಸೇರಿಸುತ್ತೇನೆ. ನಮ್ಮ ಕಡೆ ಮಗುವಿಗೆ ಕಿವಿ ಕೇಳುತ್ತದೆಯೇ ಎಂದು ನೋಡಲು ತಟ್ಟೆ ಬಡಿಯುತ್ತಾರೆ, ಇಲ್ಲವೇ ಹಿಂದೆ ನಿಂತು ಚಪ್ಪಾಳೆ ತಟ್ಟುತ್ತಾರೆ. ಮಗು ತಿರುಗಿತೆಂದರೆ ಸಮಾಧಾನಪಟ್ಟುಕೊಳ್ಳುತ್ತಾರೆ. ಆದರೆ ಮಗು ನೆರಳನ್ನು ಕಂಡು, ಕೈಯ ಗಾಳಿ ತಾಗಿ, ನೆಲದ ಅದುರು ತಿಳಿದು ಕೂಡ ತಿರುಗುತ್ತದೆ. ಬಾಗಿಲು ಧಡಾರೆಂದಾಗ ಬೆಚ್ಚಿಬೀಳುವ ಮಗುವಿಗೆ ಮಾತಿನ ಧ್ವನಿ ಕೇಳದೇ ಇರಬಹುದು. ಹೀಗಾಗಿ ಎಷ್ಟೋ ಮಕ್ಕಳು ಅಂಗನವಾಡಿಗೆ ಬರುವ ಮೂರನೆಯ ವರ್ಷದವರೆಗೂ ಮನೆಯವರ ಕಣ್ಣಿಗೆ ಬೀಳದೆ ಉಳಿದುಬಿಡುತ್ತವೆ. ನಿಮ್ಮ ಮಗಳನ್ನು ಒಂದೂಕಾಲು ವರ್ಷಕ್ಕೇ ಪರೀಕ್ಷೆ ಮಾಡಿಸಿದ್ದೀರಿ ಎಂದರೆ, ಅಕ್ಕ, ನೀವು ಹಿಂದೆ ಬಿದ್ದಿಲ್ಲ.

2013ರಲ್ಲಿ ಶುರುವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡ ಅಂಗನವಾಡಿಗೂ ಶಾಲೆಗೂ ಬರುತ್ತದೆ. ಹುಟ್ಟಿನಿಂದ 18 ವರ್ಷದವರೆಗಿನ ಮಕ್ಕಳನ್ನು ನೋಡುತ್ತದೆ, ಹುಟ್ಟು ಕಿವುಡುತನ ಅವರ ಪಟ್ಟಿಯಲ್ಲಿದೆ. ತಂಡ ಬರುವ ದಿನ ನಿಮ್ಮ ಮಗುವಿನ ಹೆಸರನ್ನೂ ಬರೆಸಿ. ಅವರು ಕಳುಹಿಸಿಕೊಡುವುದು ಜಿಲ್ಲಾ ಆಸ್ಪತ್ರೆಯ ಶೀಘ್ರ ಮಧ್ಯಸ್ಥಿಕೆ ಕೇಂದ್ರಕ್ಕೆ, ಅಲ್ಲಿಂದ ಮುಂದಿನ ಸರ್ಕಾರಿ ಯೋಜನೆಗಳ ದಾರಿ ಸುಲಭವಾಗುತ್ತದೆ.

ತಿಪಟೂರಿನ ತಾತ

ನನ್ನ ಮೊಮ್ಮಗನಿಗೂ ಇದೇ ತೊಂದರೆ ಇರುವುದರಿಂದ, ಅತ್ತೆಯವರ ವಿಚಾರವಾಗಿ ನಾನು ಬರೆಯುವುದು ಸೂಕ್ತವೆಂದು ಭಾವಿಸುತ್ತೇನೆ.

ಅಮ್ಮಾ, ನಿಮ್ಮ ಅತ್ತೆಯ ವಯಸ್ಸಿನವರು ನಾವು. ಸೊಸೆ ಹೇಳಿದ ಮಾತು ನಮ್ಮ ಕಿವಿಗೆ ಹೋಗುವುದಿಲ್ಲ, ಅದೇ ಮಾತನ್ನು ಬಿಳಿ ಕೋಟು ತೊಟ್ಟವರು ಹೇಳಿದರೆ ಕೇಳುತ್ತೇವೆ. ಇದು ಸರಿಯಲ್ಲ, ಆದರೆ ಇರುವುದು ಹೀಗೆ. ನಮ್ಮ ಮನೆಯಲ್ಲಿ ಅಜ್ಜಿಯನ್ನೇ ಕರೆದುಕೊಂಡು ಬನ್ನಿ ಎಂದು ವೈದ್ಯರು ಹಟ ಹಿಡಿದರು. ಕಾಗದದ ಮೇಲೆ ಗಂಡ ಹೆಂಡತಿ ಇಬ್ಬರನ್ನೂ ಬರೆದು, ಒಬ್ಬೊಬ್ಬರಲ್ಲೂ ಒಂದು ಸರಿಯಿರುವ, ಒಂದು ದೋಷವಿರುವ ವಂಶವಾಹಿಯನ್ನು ಗುರುತು ಮಾಡಿ ತೋರಿಸಿದರು. ಇಬ್ಬರಿಗೂ ಕಿವಿ ಚೆನ್ನಾಗಿಯೇ ಕೇಳುತ್ತದೆ. ಆದರೆ ಇಬ್ಬರಿಂದಲೂ ದೋಷವಿರುವುದೇ ಮಗುವಿಗೆ ಬಂದರೆ ಮಗುವಿಗೆ ಕೇಳುವುದಿಲ್ಲ. ಪ್ರತಿ ಬಸಿರಿನಲ್ಲೂ ಇದರ ಸಾಧ್ಯತೆ ನಾಲ್ಕರಲ್ಲಿ ಒಂದು. ಸೋದರಮಾವ, ಅತ್ತೆಮಗಳು ಎಂದು ಒಳಗೊಳಗೇ ಸಂಬಂಧ ಮಾಡುವ ಮನೆತನಗಳಲ್ಲಿ ಒಂದೇ ದೋಷ ಎರಡೂ ಕಡೆ ಇರುವ ಸಂಭವ ಹೆಚ್ಚು. ಅಂದರೆ ಅದು ಎರಡೂ ಮನೆಯಿಂದ ಬಂದದ್ದು, ಅದರಲ್ಲೂ ನಿಮ್ಮದು ಮೂಲದಲ್ಲಿ ಒಂದೇ ಮನೆ. ಗ್ರಹಣಕ್ಕೂ ಇದಕ್ಕೂ ಸಂಬಂಧವಿಲ್ಲ ಎಂದು ಬೇರೆ ಹೇಳಬೇಕಾಗಿಯೇ ಬರಲಿಲ್ಲ, ಆ ಚಿತ್ರ ನೋಡಿದ ಮೇಲೆ ನಮ್ಮ ಮನೆಯಾಕೆ ಆ ಮಾತೇ ಎತ್ತಲಿಲ್ಲ.

ಇನ್ನೊಂದು ಸಂಗತಿ. ಅಜ್ಜಿಯ ಬಾಯಿ ಮುಚ್ಚಿಸುವುದಕ್ಕಿಂತ ಅಜ್ಜಿಗೊಂದು ಕೆಲಸ ಕೊಡುವುದು ಮೇಲು. ನಮ್ಮಲ್ಲಿ ಬೆಳಗಿನ ಆರು ಧ್ವನಿಯ ಪರೀಕ್ಷೆ ನನ್ನದು, ಸೆಲ್ ಬದಲಿಸುವುದು ಅವಳದು. ನಾನು ಜಗಲಿಯ ಮೇಲೆ ಕುಳಿತು ‘ಶ್’ ಎಂದರೆ ಹುಡುಗ ಒಂದು ಗೋಟುಕಾಯಿಯನ್ನು ಬುಟ್ಟಿಗೆ ಹಾಕುತ್ತಾನೆ. ‘ಸ್’ ಎಂದರೆ ಮತ್ತೊಂದು. ಅವನಿಗೆ ಅದು ಆಟ. ಬಜೆ ತೇಯುತ್ತಾರಲ್ಲ, ಅದರಿಂದ ಮಾತು ಬರುವುದಿಲ್ಲ, ಮಗುವಿಗೆ ಅದನ್ನು ಕೊಡದಿರುವುದೇ ಒಳ್ಳೆಯದು ಎಂದು ನಮಗೆ ವೈದ್ಯರು ಹೇಳಿದ್ದರು. ಆದರೆ ನಿಮ್ಮ ಅತ್ತೆ ಮಗುವನ್ನು ತೊಡೆಯ ಮೇಲೆ ಕೂರಿಸಿಕೊಳ್ಳುವ ಆ ಹೊತ್ತನ್ನು ಕಿತ್ತುಕೊಳ್ಳಬೇಡಿ. ಆ ಹೊತ್ತಿನಲ್ಲೇ ಸಾಧನ ಹಾಕಿಸಿ, ಹಾಡು ಹೇಳಲು ಹೇಳಿ. ಕಿವಿಗೆ ಎಣ್ಣೆ ಬಿಡುವುದನ್ನು ಮಾತ್ರ ಖಡಾಖಂಡಿತವಾಗಿ ನಿಲ್ಲಿಸಿ.

ಪಾವಗಡದ ತಂದೆ

ನನ್ನ ಮಗನಿಗೆ ಸರ್ಕಾರಿ ಯೋಜನೆಯಲ್ಲಿ ಕಾಕ್ಲಿಯರ್ ಇಂಪ್ಲಾಂಟ್ ಆಗಿದೆ, ಈಗ ಎರಡನೆಯ ತರಗತಿಯಲ್ಲಿದ್ದಾನೆ. ತಾಯಿಯವರು ಮುಂದೆ ಇದೇ ದಾರಿಗೆ ಬರಬಹುದಾದ್ದರಿಂದ ಬರೆಯುತ್ತೇನೆ.

ಶಸ್ತ್ರಚಿಕಿತ್ಸೆಯಾದ ದಿನ ಪತ್ರಿಕೆಯವರು ಫೋಟೊ ತೆಗೆಯುತ್ತಾರೆ, ಮಗುವಿಗೆ ಕಿವಿ ಬಂತು ಎಂದು ಬರೆಯುತ್ತಾರೆ. ಅವತ್ತು ಮಗುವಿಗೆ ಏನೂ ಕೇಳುವುದಿಲ್ಲ. ಗಾಯ ಮಾಗಲು ಬಿಟ್ಟು ಕೆಲವು ವಾರಗಳ ಮೇಲೆ ಹೊರಗಿನ ಪ್ರೊಸೆಸರ್ ಹಾಕಿ ಸ್ವಿಚ್ ಆನ್ ಮಾಡುತ್ತಾರೆ. ನಮ್ಮ ಹುಡುಗ ಅವತ್ತು ಜೋರಾಗಿ ಅತ್ತ. ಅದುವರೆಗೆ ಕಾಣದ ಒಂದು ವಸ್ತು ತಲೆಯೊಳಗೆ ನುಗ್ಗಿದರೆ ಯಾರು ತಾನೇ ಅಳುವುದಿಲ್ಲ. ಆಮೇಲೆ ಮ್ಯಾಪಿಂಗ್, ಅಂದರೆ ಒಳಗಿವಿಯಲ್ಲಿ ಕೂರಿಸಿದ ಒಂದೊಂದು ಎಲೆಕ್ಟ್ರೋಡಿಗೂ ಎಷ್ಟು ವಿದ್ಯುತ್ ಕೊಟ್ಟರೆ ಹಿತವಾಗಿ ಕೇಳುತ್ತದೆ ಎಂದು ಹೊಂದಿಸುವುದು, ತಿಂಗಳುಗಟ್ಟಲೆ ನಡೆಯುತ್ತದೆ. ಅದರ ಜೊತೆಗೆ ವಾರವಾರ ಕೇಳುವ ಮತ್ತು ಮಾತಿನ ತರಬೇತಿ. ಅಂಗವಿಕಲರಿಗೆ ಸಾಧನ ಸಲಕರಣೆಗಳನ್ನು ಒದಗಿಸುವ ಕೇಂದ್ರದ ಅಡಿಪ್ ಯೋಜನೆಯಲ್ಲಿ 2014ರ ಪರಿಷ್ಕರಣೆಯ ನಂತರ ಒಂದು ಇಂಪ್ಲಾಂಟಿಗೆ 6 ಲಕ್ಷ ರೂಪಾಯಿಯ ಮಿತಿಯಿಟ್ಟು ನೆರವು ಕೊಡಲಾರಂಭಿಸಿದರು. ಅದರ ಹೊಣೆ ಮುಂಬೈನ ಅಲಿ ಯಾವರ್ ಜಂಗ್ ರಾಷ್ಟ್ರೀಯ ಸಂಸ್ಥೆಯದು. ನಮ್ಮ ರಾಜ್ಯ ಸರ್ಕಾರದ ಶ್ರವಣ ಸಂಜೀವಿನಿ ಕಾರ್ಯಕ್ರಮ ಆರು ವರ್ಷದೊಳಗಿನ ಮಕ್ಕಳಿಗಾಗಿ ಇದೆ. ಹಣ ಬರುವ ದಾರಿಗಳು ಇವೆ ಎಂದೇ ಹೇಳಬೇಕು.

ಬಾರದಿರುವುದು ಬೇರೆಯದೇ. ತಲೆಗೆ ಅಂಟುವ ಕಾಯಿಲ್‌ನ ಕೇಬಲ್ ತುಂಡಾದರೆ ಅದರ ಬೆಲೆ ನಮ್ಮಂಥವರ ಸಂಬಳಕ್ಕೆ ಭಾರ. ಅದು ಬರುವವರೆಗೆ ಮಗು ಮತ್ತೆ ನಿಶ್ಶಬ್ದದಲ್ಲಿರುತ್ತದೆ. ಕೆ.ಎಸ್.ಆರ್.ಟಿ.ಸಿ.ಯ ಅಂಗವಿಕಲರ ರಿಯಾಯಿತಿ ಪಾಸು ನಡೆಯುವುದು ವಾಸಸ್ಥಳದಿಂದ 100 ಕಿಲೋಮೀಟರ್‌ವರೆಗೆ. ಪಾವಗಡದಿಂದ ಬೆಂಗಳೂರು ಅದರಾಚೆ, ಮೈಸೂರಂತೂ ಇನ್ನೂ ದೂರ. ಶಕ್ತಿ ಯೋಜನೆ ಬಂದ ಮೇಲೆ ತಾಯಿಗೆ ಟಿಕೆಟ್ ಇಲ್ಲದಿರುವುದು ನಿಜಕ್ಕೂ ದೊಡ್ಡ ಉಪಕಾರ. ಆದರೆ ಅದರಿಂದಲೇ ನಮ್ಮಲ್ಲಿ ಬಹಳ ಮನೆಗಳಲ್ಲಿ ಮಗುವನ್ನು ತರಬೇತಿಗೆ ಕರೆದೊಯ್ಯುವುದು ಸಂಪೂರ್ಣವಾಗಿ ತಾಯಿಯ ಪಾಲಿಗೇ ಬಿದ್ದಿದೆ, ಅಪ್ಪಂದಿರು ತರಬೇತಿಯ ಕೋಣೆಯ ಒಳಗೆ ಏನು ನಡೆಯುತ್ತದೆಂದು ನೋಡಿಯೇ ಇಲ್ಲ. ನಿಮ್ಮ ಯಜಮಾನರಿಗೆ ಇದನ್ನು ತೋರಿಸಿ. ಪೀಣ್ಯದಿಂದ ತರಬೇತಿಯ ದಿನ ಅರ್ಧ ದಿನ ರಜೆ ಹಾಕಿ ಬರಲಿ, ಇಲ್ಲವೇ ತರಬೇತಿಯನ್ನು ಮೊಬೈಲಿನಲ್ಲಿ ಚಿತ್ರೀಕರಿಸಿಕೊಳ್ಳಲು ಅನುಮತಿ ಕೇಳಿ ಅವರಿಗೆ ಕಳುಹಿಸಿ. ಭಾನುವಾರ ಬಂದವರು ಅದೇ ಆಟವನ್ನು ಅದೇ ರೀತಿ ಆಡಿಸಬೇಕು.

ಭಾಷೆಯ ವಿಷಯವನ್ನೂ ಹೇಳಿಬಿಡುತ್ತೇನೆ. ನಮ್ಮ ಮನೆಮಾತು ತೆಲುಗು. ಶಾಲೆ ಕನ್ನಡ, ಆದ್ದರಿಂದ ಮನೆಯಲ್ಲೂ ಕನ್ನಡವನ್ನೇ ಮಾತನಾಡಿ ಎಂದು ಮೊದಲು ಒಂದು ಕಡೆ ಹೇಳಿದರು. ನನ್ನ ಹೆಂಡತಿಗೆ ಕನ್ನಡ ಬರುತ್ತದೆ, ಆದರೆ ಕನ್ನಡದಲ್ಲಿ ಅವಳು ಮಗನೊಡನೆ ಲೆಕ್ಕ ಒಪ್ಪಿಸಿದಂತೆ ಮಾತನಾಡುತ್ತಿದ್ದಳು. ಗದರುವುದು, ಮುದ್ದು ಮಾಡುವುದು, ಲಾಲಿ ಹಾಡುವುದು ಎಲ್ಲ ತೆಲುಗಿನಲ್ಲೇ ತಾನೇ. ಆಮೇಲೆ ಮೈಸೂರಿನಲ್ಲಿ ಬೇರೆಯವರು, ತಾಯಿಗೆ ಯಾವ ಭಾಷೆ ನಿರಾಯಾಸವಾಗಿ ಬರುತ್ತದೋ ಅದನ್ನೇ ಧಾರಾಳವಾಗಿ ಮಾತನಾಡಲಿ, ಒಂದು ಭಾಷೆ ಗಟ್ಟಿಯಾದರೆ ಎರಡನೆಯದು ಅದರ ಮೇಲೆ ನಿಲ್ಲುತ್ತದೆ ಎಂದರು. ಈಗ ಅವನು ಮನೆಯಲ್ಲಿ ತೆಲುಗು, ಶಾಲೆಯಲ್ಲಿ ಕನ್ನಡ. ಕೋಲಾರ, ಬಾಗೇಪಲ್ಲಿ, ಚಿಂತಾಮಣಿ ಕಡೆಯವರು ಈ ಚರ್ಚೆ ಓದುತ್ತಿದ್ದರೆ ಅವರಿಗೂ ಇದು ಅನ್ವಯಿಸುತ್ತದೆ.

ಶಿರಾದ ಕಿವುಡ ಓದುಗ

ಇಲ್ಲಿಯವರೆಗೆ ಬರೆದವರೆಲ್ಲ ಕೇಳುವವರು. ನಾನು ಹುಟ್ಟಿನಿಂದ ಕಿವುಡ, ಕಿವುಡ ಮಕ್ಕಳ ವಸತಿ ಶಾಲೆಯಲ್ಲಿ ಓದಿದವನು, ಈಗ ಕಂಪ್ಯೂಟರ್ ಕೆಲಸದಲ್ಲಿದ್ದೇನೆ. ಸನ್ನೆಯ ಕುರಿತು ತಾಯಿಯವರು ಕೇಳಿದ್ದಕ್ಕೆ ಯಾರೂ ಉತ್ತರಿಸಲಿಲ್ಲ ಎಂಬುದನ್ನು ಗಮನಿಸಿದೆ.

ನನ್ನನ್ನು ಮನೆಯಲ್ಲಿ ಪ್ರೀತಿಯಿಂದಲೇ ಬೆಳೆಸಿದರು. ಆದರೆ ರಾತ್ರಿ ಊಟಕ್ಕೆ ಕುಳಿತಾಗ ಅಣ್ಣ ಏನೋ ಹೇಳುತ್ತಾನೆ, ಎಲ್ಲರೂ ನಗುತ್ತಾರೆ, ನಾನು ಅಮ್ಮನ ತೋಳು ಜಗ್ಗಿ ಏನೆಂದು ಕೇಳುತ್ತೇನೆ. ಅಮ್ಮ ‘ಏನಿಲ್ಲ’ ಎಂದು ಕೈಯಾಡಿಸಿ ನನ್ನ ತಟ್ಟೆಗೆ ಇನ್ನೊಂದು ಮುದ್ದೆ ಹಾಕುತ್ತಾರೆ. ಮದುವೆ ಯಾರದ್ದು, ಜಮೀನಿನ ಜಗಳ ಏನಾಯಿತು, ಚಿಕ್ಕಪ್ಪ ಏಕೆ ಬರುವುದಿಲ್ಲ, ಇದೆಲ್ಲ ಉಳಿದ ಮಕ್ಕಳ ಕಿವಿಗೆ ತಾನಾಗಿ ಬೀಳುವ ವಿಷಯ. ನನಗೆ ಯಾರೋ ಕುಳಿತು ಹೇಳಿದರೆ ಉಂಟು, ಇಲ್ಲವಾದರೆ ಇಲ್ಲ. ವಸತಿ ಶಾಲೆಗೆ ಹೋದ ಮೇಲೆ, ಹಿರಿಯ ಹುಡುಗರ ಕೈಗಳಿಂದ, ನನಗೆ ಮೊದಲ ಸಲ ಪೂರ್ತಿಯಾದ ಸುದ್ದಿ ಸಿಕ್ಕಿತು.

ತುಟಿ ನೋಡಿ ತಿಳಿದುಕೊಳ್ಳಲಿ ಎನ್ನುತ್ತಾರೆ. ಕನ್ನಡಿಯ ಮುಂದೆ ನಿಂತು ಧ್ವನಿಯಿಲ್ಲದೆ ಪಾರು, ಬಾರು, ಮಾರು ಎಂದು ಹೇಳಿ ನೋಡಿ. ಮೂರಕ್ಕೂ ತುಟಿ ಒಂದೇ. ಕೇಳುವ ಸಾಧನ ಕೆಲಸ ಮಾಡುವುದೋ ಇಲ್ಲವೋ ಎಂದು ತಿಳಿಯಲು ತಿಂಗಳುಗಳು ಬೇಕು, ಇಂಪ್ಲಾಂಟಿಗೆ ಇನ್ನಷ್ಟು ತಿಂಗಳು. ಅಷ್ಟೂ ಕಾಲ ಮಗುವಿನ ಮಿದುಳು ಭಾಷೆಗಾಗಿ ಕಾದು ಕುಳಿತಿರಬೇಕೇ? ಭಾರತೀಯ ಸಂಜ್ಞಾ ಭಾಷೆಗೆ ತನ್ನದೇ ವ್ಯಾಕರಣವಿದೆ. 2020ರ ರಾಷ್ಟ್ರೀಯ ಶಿಕ್ಷಣ ನೀತಿಯೇ ಅದನ್ನು ದೇಶದಾದ್ಯಂತ ಪ್ರಮಾಣೀಕರಿಸಬೇಕೆಂದು ಹೇಳಿದೆ, ದೆಹಲಿಯ ಭಾರತೀಯ ಸಂಜ್ಞಾ ಭಾಷಾ ಸಂಶೋಧನಾ ಮತ್ತು ತರಬೇತಿ ಕೇಂದ್ರದ ನಿಘಂಟು 2018ರಲ್ಲಿ 3000 ಪದಗಳಿಂದ ಆರಂಭವಾಗಿ 10,000ಕ್ಕೆ ಬೆಳೆದಿದೆ, ವಿಡಿಯೊಗಳು ಉಚಿತ. ಹಾಲು, ಊಟ, ಅಪ್ಪ, ನೋವು, ಬೇಡ, ಇನ್ನೂ ಬೇಕು ಎಂಬಷ್ಟರಿಂದ ಶುರು ಮಾಡಿ. ಮಗುವಿಗೆ ನೋವು ಎಲ್ಲಿದೆ ಎಂದು ಹೇಳಲು ಬಂದರೆ ಅಳು ಎಷ್ಟೋ ಕಡಿಮೆಯಾಗುತ್ತದೆ.

ತುಮಕೂರು ಆಡಿಯಾಲಜಿಸ್ಟ್

ಶಿರಾದವರ ಮಾತಿನ ಬಹುಭಾಗವನ್ನು ಒಪ್ಪುತ್ತೇನೆ. ಸನ್ನೆ ಮಾಡಿದರೆ ಮಾತು ಕಲಿಯುವುದಿಲ್ಲ ಎಂದು ಹೆದರಿಸುವುದು ತಪ್ಪು. ನನ್ನ ಆತಂಕ ಬೇರೆ. ಸಾಧನ ಹಾಕದೆ ಸನ್ನೆಯಲ್ಲೇ ಎಲ್ಲವೂ ನಡೆದುಹೋದರೆ ಕೇಳುವ ನರಮಾರ್ಗಕ್ಕೆ ಪ್ರಚೋದನೆ ಸಿಗುವುದಿಲ್ಲ. ಆ ಮಾರ್ಗ ಬಲಗೊಳ್ಳುವ ಕಾಲ ಮೊದಲ ಮೂರು, ಮೂರೂವರೆ ವರ್ಷ. ಅದು ಕಳೆದ ಮೇಲೆ ಇಂಪ್ಲಾಂಟ್ ಮಾಡಿಸಿದರೂ ಮಾತಿನ ಮಟ್ಟಿಗೆ ಫಲ ಕುಗ್ಗುತ್ತ ಹೋಗುತ್ತದೆ. ಹುಟ್ಟಿದ ಒಂದು ತಿಂಗಳೊಳಗೆ ತಪಾಸಣೆ, ಮೂರು ತಿಂಗಳೊಳಗೆ ಖಚಿತ ಪರೀಕ್ಷೆ, ಆರು ತಿಂಗಳೊಳಗೆ ಚಿಕಿತ್ಸೆ ಎಂಬ ನಿಯಮ ಇರುವುದೇ ಅದಕ್ಕಾಗಿ. ಆದ್ದರಿಂದ ತರಬೇತಿಯ ಆಟಗಳನ್ನು ಆಡಿಸುವಾಗ ಮೊದಲು ಧ್ವನಿ, ಆಮೇಲೆ ವಸ್ತು, ಆಮೇಲೆ ಬೇಕಿದ್ದರೆ ಸನ್ನೆ ಎಂಬ ಕ್ರಮವನ್ನು ಇಟ್ಟುಕೊಳ್ಳಿ ಎನ್ನುತ್ತೇನೆ.

ಶಿರಾದ ಕಿವುಡ ಓದುಗ

ತರಬೇತಿಯ ಆಟಕ್ಕೆ ನಿಮ್ಮ ಕ್ರಮ ಇರಲಿ. ಉಳಿದ ಇಡೀ ದಿನಕ್ಕೆ ‘ಬೇಕಿದ್ದರೆ’ ಎಂಬುದನ್ನು ನಾನು ಒಪ್ಪುವುದಿಲ್ಲ. ಸ್ನಾನ ಮಾಡಿಸುವಾಗ ಸಾಧನ ಬಿಚ್ಚುತ್ತಾರೆ, ಮಲಗುವಾಗ ಬಿಚ್ಚುತ್ತಾರೆ, ಸೆಲ್ ಮುಗಿದಾಗ ಅಂಗಡಿ ತೆರೆಯುವವರೆಗೆ ಕಾಯುತ್ತಾರೆ. ಆ ಹೊತ್ತುಗಳಲ್ಲಿ ಮಗುವಿಗೆ ಅಮ್ಮನೊಡನೆ ಮಾತು ಇರಬಾರದೇ?

ಕುಣಿಗಲ್ಲಿನ ಅಕ್ಕ

ಇಬ್ಬರ ಮಾತೂ ಓದಿದೆ. ನನ್ನ ಮಗಳಿಗೆ ಈಗ ಹದಿಮೂರು, ಶ್ರವಣ ಸಾಧನ ಹಾಕುತ್ತಾಳೆ, ಮಾತನಾಡುತ್ತಾಳೆ, ಸನ್ನೆಯೂ ಬರುತ್ತದೆ. ಯಾವುದು ಮೊದಲು ಎಂಬ ವಾದಕ್ಕಿಂತ ನನ್ನನ್ನು ಕಾಡಿದ್ದು, ಮಗಳೊಡನೆ ಏನು ಮಾತನಾಡುವುದು ಎಂಬ ಪ್ರಶ್ನೆ. ಕೊರಟಗೆರೆಯವರು ಅದನ್ನೇ ಕೇಳಿದ್ದಾರೆ, ಅದಕ್ಕೆ ಬರೆಯುತ್ತೇನೆ.

ತಂಗಿ, ಪಾಠ ಮಾಡಲು ಹೋಗಬೇಡ. ಕೈಯಲ್ಲಿರುವ ಕೆಲಸವನ್ನೇ ಬಾಯಲ್ಲಿ ಹೇಳುತ್ತ ಹೋಗು. ಅವರೆಕಾಯಿ ಸುಲಿಯುವಾಗ ಮಗುವನ್ನು ಮೊರದ ಪಕ್ಕ ಕೂರಿಸಿಕೊಂಡು ‘ಕಾಯಿ ತಗೋ, ಬಿಡಿಸು, ಒಳಗೆ ಏನಿದೆ, ಕಾಳು, ಒಂದು ಕಾಳು, ಇನ್ನೊಂದು ಕಾಳು, ಅಯ್ಯೋ ಹುಳ!’ ಎಂದು ಹೇಳು. ಹುಳ ಬಂದಾಗ ಮುಖ ಕಿವುಚು. ಅದೇ ‘ಕಾಳು’ ಎಂಬುದು ಒಂದು ಬುಟ್ಟಿ ಸುಲಿಯುವಷ್ಟರಲ್ಲಿ ನೂರು ಸಲ ಮಗುವಿನ ಕಿವಿಗೆ ಬೀಳುತ್ತದೆ. ಹೇಳಿದ ಮೇಲೆ ಸುಮ್ಮನಾಗಿ ಅದರ ಮುಖ ನೋಡು. ನಾವು ದೊಡ್ಡವರು ಸುಮ್ಮನಿರಲಾರದೆ ಮಗುವಿನ ಸರದಿಯನ್ನೂ ನಾವೇ ಆಡಿಬಿಡುತ್ತೇವೆ. ಕಿರುಚಬೇಡ, ಸಾಧನ ಆಗಲೇ ಧ್ವನಿ ಹೆಚ್ಚಿಸುತ್ತಿರುತ್ತದೆ, ಕಿರುಚಿದರೆ ಮಾತು ಒಡೆದು ಕೇಳಿಸುತ್ತದೆ. ಹತ್ತಿರ ಕುಳಿತು ಮಾಮೂಲು ಧ್ವನಿಯಲ್ಲಿ ಮಾತನಾಡು, ಟಿ.ವಿ., ಮಿಕ್ಸಿ ಆರಿಸು. ಒಂದೊಂದೇ ಪದ ಬಿಡಿಬಿಡಿಯಾಗಿ ಹೇಳುವ ಚಾಳಿಯೂ ಬೇಡ. ‘ನೀರು’ ಎಂದಷ್ಟೇ ಹೇಳಿದರೆ ಮಗು ‘ನೀರು’ ಮಾತ್ರ ಕಲಿಯುತ್ತದೆ, ‘ನೀರು ಬಿಸಿಯಾಗಿದೆ, ಆರಲಿ’ ಎಂದರೆ ಮೂರು ವಿಷಯ ಕಲಿಯುತ್ತದೆ.

ಹೆಚ್ಚು ದಣಿಯುವುದು ಎಲ್ಲಿ ಗೊತ್ತೇ? ತಿಂಗಳುಗಟ್ಟಲೆ ಹೇಳಿದರೂ ಮಗು ಒಂದು ಪದವನ್ನೂ ಹಿಂತಿರುಗಿ ಆಡುವುದಿಲ್ಲ. ಅಕ್ಕಪಕ್ಕದವರು ‘ಇನ್ನೂ ಮಾತಾಡಲ್ವಾ’ ಎನ್ನುತ್ತಾರೆ. ಕೇಳಿಸಿಕೊಳ್ಳುವ ವಯಸ್ಸನ್ನು ಸಾಧನ ಹಾಕಿದ ದಿನದಿಂದ ಎಣಿಸಬೇಕು ಎಂದು ನನಗೆ ತರಬೇತಿಯ ಮೇಡಂ ಹೇಳಿಕೊಟ್ಟರು. ಆ ಲೆಕ್ಕದಲ್ಲಿ ನಿನ್ನ ಮಗಳಿಗೆ ಈಗ ಒಂದು ತಿಂಗಳು. ಒಂದು ತಿಂಗಳ ಕೂಸನ್ನು ಯಾರೂ ಮಾತಾಡಲ್ವಾ ಎಂದು ಕೇಳುವುದಿಲ್ಲ.

ಮಧುಗಿರಿಯ ಸಂಪನ್ಮೂಲ ಶಿಕ್ಷಕಿ

ನಾನು ಬ್ಲಾಕ್ ಮಟ್ಟದಲ್ಲಿ ವಿಶೇಷ ಅಗತ್ಯವುಳ್ಳ ಮಕ್ಕಳಿಗಾಗಿ ಇರುವ ಬಿ.ಐ.ಇ.ಆರ್.ಟಿ. ಶಿಕ್ಷಕಿ. ಕಾಗದಪತ್ರಗಳ ವಿಷಯವನ್ನು ಚಿಕ್ಕದಾಗಿ ಹೇಳುತ್ತೇನೆ, ಏಕೆಂದರೆ ಇಲ್ಲಿ ತಡವಾದರೆ ಉಳಿದೆಲ್ಲವೂ ತಡವಾಗುತ್ತದೆ.

ಯು.ಡಿ.ಐ.ಡಿ. ಕಾರ್ಡಿಗೆ, ಅಂದರೆ ಅಂಗವಿಕಲರ ವಿಶಿಷ್ಟ ಗುರುತಿನ ಚೀಟಿಗೆ, ಈಗಲೇ ಅರ್ಜಿ ಹಾಕಿ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ ಪ್ರಕಾರ ಎರಡೂ ಕಿವಿಗಳಲ್ಲಿ ಮಾತಿನ ಆವರ್ತನಗಳಲ್ಲಿ 70 ಡೆಸಿಬೆಲ್ ನಷ್ಟವಿದ್ದರೆ ‘ಕಿವುಡು’ ಎಂದೂ, 60ರಿಂದ 70 ಇದ್ದರೆ ‘ಮಂದ ಶ್ರವಣ’ ಎಂದೂ ವರ್ಗೀಕರಿಸುತ್ತಾರೆ. ಅರ್ಜಿ ತುಂಬಲು ನಿಮ್ಮ ಗ್ರಾಮ ಪಂಚಾಯಿತಿಯ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರನ್ನು ಕೇಳಿ. ಬಹಳ ಮಂದಿಗೆ ಇಂಥವರೊಬ್ಬರು ಪಂಚಾಯಿತಿಯಲ್ಲಿದ್ದಾರೆ ಎಂಬುದೇ ಗೊತ್ತಿಲ್ಲ. ತಾಲ್ಲೂಕಿನಲ್ಲಿ ಅವರ ಮೇಲೆ ವಿವಿಧೋದ್ದೇಶ ಪುನರ್ವಸತಿ ಕಾರ್ಯಕರ್ತರು ಇರುತ್ತಾರೆ. ಮಾಸಾಶನಕ್ಕೂ ಇದೇ ಕಾರ್ಡು ಬೇಕು.

ತರಬೇತಿಗೆ ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ನಮ್ಮ ರಾಜ್ಯದಲ್ಲಿ 1965ರಿಂದ ಇರುವ ದೊಡ್ಡ ಆಸರೆ. ಮಗುವಿನ ಜೊತೆ ತಾಯಿಯನ್ನೂ ಕೂರಿಸಿ ಕಲಿಸುವುದು ಅಲ್ಲಿನ ಶಾಲಾಪೂರ್ವ ಕೇಂದ್ರದ ಪದ್ಧತಿ. ಅಲ್ಲೇ ಮನೆ ಮಾಡಿಕೊಂಡು ಇರಲಾಗದವರಿಗೆ ದೂರಸಂಪರ್ಕದ ಮೂಲಕವೂ ತರಬೇತಿ ಕೊಡುತ್ತಾರೆ, ಕೇಳಿ ನೋಡಿ. ಬೆಂಗಳೂರಿನ ಹೆಣ್ಣೂರು ರಸ್ತೆಯ ಚಂದ್ರಶೇಖರ್ ವಾಕ್ ಶ್ರವಣ ಸಂಸ್ಥೆ ನಿಮಗೆ ಇನ್ನೂ ಹತ್ತಿರ.

ಶಾಲೆಯ ವಿಷಯ ನಿಮಗೆ ಇನ್ನೂ ದೂರದ್ದು, ಆದರೂ ತಿಳಿದಿರಲಿ. ಅದೇ ಕಾಯ್ದೆಯ 31ನೆಯ ಕಲಮಿನಂತೆ ಶೇಕಡಾ 40 ಅಥವಾ ಹೆಚ್ಚು ಅಂಗವೈಕಲ್ಯವಿರುವ ಮಗುವಿಗೆ 6ರಿಂದ 18 ವರ್ಷದವರೆಗೆ ಉಚಿತ ಶಿಕ್ಷಣದ ಹಕ್ಕಿದೆ. ನೆರೆಹೊರೆಯ ಶಾಲೆಯೋ ವಿಶೇಷ ಶಾಲೆಯೋ ಎಂಬ ಆಯ್ಕೆ ನಿಮ್ಮದು. ‘ಇಂಥ ಮಗುವನ್ನು ಇಲ್ಲಿ ಸೇರಿಸಿಕೊಳ್ಳುವುದಿಲ್ಲ’ ಎಂದು ಯಾರೂ ಹೇಳುವಂತಿಲ್ಲ. ಹೇಳಿದರೆ ಬಾಯಿಮಾತಿನಲ್ಲಿ ಜಗಳವಾಡದೆ, ಬರವಣಿಗೆಯಲ್ಲಿ ಕೊಡಿ ಎಂದು ಕೇಳಿ. ಸಾಮಾನ್ಯವಾಗಿ ಅಷ್ಟಕ್ಕೇ ದಾಖಲಾತಿ ಆಗಿಬಿಡುತ್ತದೆ.

ಕೊರಟಗೆರೆಯ ತಾಯಿ

ಎಲ್ಲರಿಗೂ ಕೈಮುಗಿಯುತ್ತೇನೆ. ಕುಲಾವಿಗೆ ಬಲೆಬಟ್ಟೆ ತಂದಾಗಿದೆ, ಹೊಲಿಯುವುದಾಗಿ ಅತ್ತೆಯವರೇ ಹೇಳಿದ್ದಾರೆ, ಕಾರಣ ಮಾತ್ರ ಕೇಳಲಿಲ್ಲ. ಮುಂದಿನ ಭೇಟಿಗೆ ಅವರನ್ನೂ ಕರೆದುಕೊಂಡು ಹೋಗುತ್ತೇನೆ. ಶಿರಾದವರೇ, ನೀವು ಬರೆದದ್ದನ್ನು ಯಜಮಾನರಿಗೆ ಫೋನಿನಲ್ಲಿ ಓದಿ ಹೇಳಿದೆ, ಅವರು ಬಹಳ ಹೊತ್ತು ಮಾತನಾಡಲಿಲ್ಲ, ಆಮೇಲೆ ‘ಹಾಲು’ ಎಂಬುದಕ್ಕೆ ಸನ್ನೆ ಹೇಗೆ ಎಂದು ಕೇಳಿದರು. ಸನ್ನೆ ಮತ್ತು ಮಾತು ಎರಡನ್ನೂ ಇಟ್ಟುಕೊಳ್ಳುತ್ತೇನೆ. ಯಾವುದು ಹೆಚ್ಚು ಎಂಬುದನ್ನು ಮಗಳೇ ತೋರಿಸುತ್ತಾಳೆ ಎಂದುಕೊಂಡಿದ್ದೇನೆ.

ಇನ್ನೊಂದು ಪ್ರಶ್ನೆ. ಎರಡನೆಯ ಮಗುವಿನ ಬಗ್ಗೆ ಮನೆಯಲ್ಲಿ ಒತ್ತಾಯವಿದೆ. ತಾತನವರು ನಾಲ್ಕರಲ್ಲಿ ಒಂದು ಎಂದಿರಿ. ಒಂದು ಮಗುವಿಗೆ ಹೀಗಾದ ಮೇಲೆ ಮುಂದಿನ ಮೂರಕ್ಕೆ ಆಗುವುದಿಲ್ಲ ಎಂದು ನಮ್ಮ ಭಾವನವರು ಲೆಕ್ಕ ಹೇಳುತ್ತಿದ್ದಾರೆ.

ತುಮಕೂರು ಆಡಿಯಾಲಜಿಸ್ಟ್

ಹಾಗಲ್ಲ. ಕಾರಣ ವಂಶವಾಹಿಯದೇ ಆಗಿದ್ದರೆ ಪ್ರತಿ ಬಸಿರಿಗೂ ಅದೇ ನಾಲ್ಕರಲ್ಲಿ ಒಂದು, ಹಿಂದಿನ ಮಗುವಿನಿಂದ ಅದು ಬದಲಾಗುವುದಿಲ್ಲ. ಆದರೆ ಕಾರಣ ವಂಶವಾಹಿಯದೇ ಎಂದು ಇನ್ನೂ ಖಚಿತವಾಗಿಲ್ಲ. ಮಗು ಹುಟ್ಟಿದಾಗ ತೂಕ ಬಹಳ ಕಡಿಮೆಯಿತ್ತೇ, ಕಾಮಾಲೆ ವಿಪರೀತವಾಗಿ ರಕ್ತ ಬದಲಿಸಿದರೇ, ಐ.ಸಿ.ಯು.ನಲ್ಲಿ ಜೆಂಟಾಮೈಸಿನ್ ಅಥವಾ ಅಮಿಕಾಸಿನ್‌ನಂಥ, ಕಿವಿಗೆ ಹಾನಿ ಮಾಡಬಲ್ಲ ಔಷಧ ಕೊಟ್ಟರೇ, ಬಸುರಿಯಾಗಿದ್ದಾಗ ನಿಮಗೆ ಜ್ವರದೊಡನೆ ಮೈಮೇಲೆ ಗಂಧೆ ಬಂದಿತ್ತೇ ಎಂಬುದನ್ನು ಮೊದಲು ನೋಡಬೇಕು. ಮಕ್ಕಳ ಶ್ರವಣದೋಷದಲ್ಲಿ ಶೇಕಡಾ 60ರಷ್ಟು ತಡೆಯಬಹುದಾದ ಕಾರಣಗಳಿಂದ ಬರುತ್ತದೆ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳಿದೆ. ಮುಂದಿನ ಬಸಿರಿಗೆ ಮುಂಚೆಯೇ ಜೆನೆಟಿಕ್ ಕೌನ್ಸೆಲಿಂಗ್, ಅಂದರೆ ವಂಶವಾಹಿ ತಜ್ಞರ ಸಲಹೆ, ಪಡೆಯಿರಿ. ಅಲ್ಲಿಗೆ ಹೋಗುವಾಗ ತಾಯಿ ಕಾರ್ಡ್, ಹೆರಿಗೆಯಾದ ಆಸ್ಪತ್ರೆಯ ಡಿಸ್ಚಾರ್ಜ್ ಚೀಟಿ, ಬೆರಾ ವರದಿ, ಎರಡೂ ಮನೆಗಳಲ್ಲಿ ಮೂರು ತಲೆಮಾರಿನಲ್ಲಿ ಯಾರಿಗಾದರೂ ಚಿಕ್ಕಂದಿನಿಂದ ಕಿವಿ ಕೇಳದಿದ್ದರೆ ಅವರ ಸಂಬಂಧ, ಇಷ್ಟನ್ನು ಒಂದು ಹಾಳೆಯಲ್ಲಿ ಬರೆದುಕೊಂಡು ಹೋಗಿ. ಆ ಹಾಳೆ ತುಂಬಿಸಲು ನಿಮ್ಮ ಅತ್ತೆಯವರ ನೆನಪೇ ಬೇಕಾಗುತ್ತದೆ, ಅವರನ್ನು ಬಿಟ್ಟು ಹೋಗಬೇಡಿ.